ಹಾಯಿಯ ಚರಿತ್ರೆ, ಹುಟ್ಟಿನ ಚರಿತ್ರೆ

ನೀರು ಕಡಮೆಯಿರುವ ಸೀಮೆಯವರಿಗೆ ನೀರಿನ ಹೆಸರುಗಳ ಮೇಲೆ ಮೋಹ ಹೆಚ್ಚೆಂದು ತೋರುತ್ತದೆ. ನಮ್ಮ ಚಿತ್ರದುರ್ಗದ ಕಡೆಯನ್ನೇ ನೋಡಿ. ಮಳೆಗಾಗಿ ಮುಗಿಲು ನೋಡುತ್ತ ಕೂರುವುದು ಇಲ್ಲಿಯ ಒಕ್ಕಲು ಮಕ್ಕಳಿಗೆ ಹೊಸದಲ್ಲ. ಆದರೂ ಇಲ್ಲಿಯ ಒಂದು ಕೆರೆಗೆ, ಅದರಿಂದ ಒಂದು ಊರಿಗೆ, ಭೀಮಸಮುದ್ರವೆಂದು ಹೆಸರು. ಹೊಳಲ್ಕೆರೆಯ ಹೆಸರಿನೊಳಗೇ ಕೆರೆಯೊಂದು ಕುಳಿತಿದೆ. ಹಿರಿಯೂರಿನ ಹತ್ತಿರ ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ ಕಟ್ಟಿದ ಕಟ್ಟೆ ೧೯೦೭ರಲ್ಲಿ ಮುಗಿದಾಗ ಅದರ ಹಿಂದೆ ನಿಂತ ನೀರು ವಾಣೀವಿಲಾಸ ಸಾಗರವಾಯಿತು. ಈ ಸಾಗರ ೧೯೩೩ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಹರಿದದ್ದು ಎಂಬತ್ತೊಂಬತ್ತು ವರ್ಷಗಳ ಅನಂತರ, ೨೦೨೨ರಲ್ಲಿ. ಅಂದು ಜಿಲ್ಲೆಯ ಮೂಲೆಮೂಲೆಗಳಿಂದ ಜನ ಬಂದು ಹರಿಯುವ ನೀರನ್ನು ದೇವರನ್ನು ನೋಡುವಂತೆ ನೋಡಿದರು.

ಇಂಥ ಒಣಸೀಮೆಯಲ್ಲಿ ಪಾಠ ಹೇಳಿಕೊಂಡಿರುವ ಕನ್ನಡ ಅಧ್ಯಾಪಕನೊಬ್ಬ ಹಡಗು, ದ್ವೀಪ, ದೋಣಿಯ ಪಂದ್ಯ ಎಂದು ಬರೆಯಹೊರಟರೆ ಓದುಗರಿಗೆ ನಗು ಬರಬಹುದು. ಆದರೆ ಕಡಲಿಗೂ ನಮಗೂ ಎರಡು ನಂಟುಗಳುಂಟು. ಒಂದು, ನಮ್ಮ ನೆಲದಲ್ಲಿ ಸಿಕ್ಕಿದ ನಾಣ್ಯ; ಇನ್ನೊಂದು, ಕಡಲ ಕರೆಯಲ್ಲಿ ಸಿಗುವ ನಮ್ಮದೇ ಒಂದು ಹೆಸರು. ನಾಣ್ಯದಿಂದ ಮೊದಲು ಮಾಡೋಣ.

ಚಿತ್ರದುರ್ಗದ ಕೋಟೆಯ ಬೆಟ್ಟಗಳ ಮಗ್ಗುಲಲ್ಲಿ ಚಂದ್ರವಳ್ಳಿಯೆಂಬ ಕಣಿವೆಯಿದೆ. ಮೈಸೂರು ಪ್ರಾಕ್ತನ ಇಲಾಖೆಯ ಡಾ. ಎಂ. ಎಚ್. ಕೃಷ್ಣ ಅವರು ೧೯೨೮–೨೯ರ ಸುಮಾರಿನಲ್ಲಿ ಇಲ್ಲಿ ನೆಲವನ್ನು ಅಗೆಸಿ ನೋಡಿದರು. ೧೯೪೭ರಲ್ಲಿ ಮಾರ್ಟಿಮರ್ ವೀಲರ್ ಮತ್ತೆ ಅಗೆಸಿದರು. ಶಾತವಾಹನರ ಕಾಲದ ಸೀಸದ ನಾಣ್ಯಗಳ ಜೊತೆಗೆ ಇಲ್ಲಿ ದೊರೆತದ್ದು ರೋಮಿನ ಬೆಳ್ಳಿಯ ನಾಣ್ಯಗಳು, ಆಗಸ್ಟಸ್ ಮತ್ತು ಟೈಬೀರಿಯಸ್ ಚಕ್ರವರ್ತಿಗಳ ಮುಖಮುದ್ರೆಯುಳ್ಳವು. ಎಲ್ಲಿಯ ರೋಮ್, ಎಲ್ಲಿಯ ಚಂದ್ರವಳ್ಳಿ! ರೋಮಿನ ಸೈನ್ಯ ಇಲ್ಲಿಗೆ ಬಂದುದಿಲ್ಲ. ಅದರ ಆಳ್ವಿಕೆಯೂ ಇಲ್ಲಿಗೆ ಮುಟ್ಟಲಿಲ್ಲ. ಕಡಲನ್ನು ದಾಟಿದ ವ್ಯಾಪಾರವೇ ಈ ಬೆಳ್ಳಿಯನ್ನು ನಮ್ಮ ಕಲ್ಲುಬಂಡೆಗಳ ನಡುವೆ ತಂದು ಬಿಟ್ಟಿತು.

ಆ ವ್ಯಾಪಾರ ನಡೆದ ರೀತಿಯನ್ನು ಕ್ರಿಸ್ತಶಕದ ಮೊದಲನೆಯ ಶತಮಾನದ ಇಬ್ಬರು ಬರೆದಿಟ್ಟಿದ್ದಾರೆ. ಒಬ್ಬ ರೋಮಿನ ಪ್ಲಿನಿ. ಇನ್ನೊಬ್ಬ ಪೆರಿಪ್ಲಸ್ ಎಂಬ ಗ್ರೀಕ್ ಕೈಪಿಡಿಯನ್ನು ಬರೆದ ಹೆಸರು ತಿಳಿಯದ ನಾವಿಕ. ಮುಂಗಾರು ಗಾಳಿಯನ್ನು ಬೆನ್ನಿಗೆ ಪಡೆದು ಹಾಯಿ ಬಿಚ್ಚಿದರೆ ಕೆಂಪು ಸಮುದ್ರದ ಬಾಯಿಯಿಂದ ನಮ್ಮ ಪಡುವಣ ಕರಾವಳಿಗೆ ನಲವತ್ತು ದಿನದ ಪಯಣವೆಂದು ಪ್ಲಿನಿ ಲೆಕ್ಕ ಕೊಡುತ್ತಾನೆ. ಆದರೆ ಮುಜಿರಿಸ್ ರೇವಿನ ವಿಚಾರದಲ್ಲಿ ಅವನಿಗೆ ಎರಡು ದೂರುಗಳಿವೆ. ಹತ್ತಿರದಲ್ಲೇ ನಿತ್ರಿಯಾಸ್ ಎಂಬಲ್ಲಿ ಕಡಲ್ಗಳ್ಳರಿದ್ದಾರೆ ಎಂಬುದು ಒಂದು. ಈ ನಿತ್ರಿಯಾಸ್ ನಮ್ಮ ನೇತ್ರಾವತಿಯ ಕಡೆಯದೆಂದೂ ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪವೆಂದೂ ವಿದ್ವಾಂಸರು ಊಹಿಸಿದ್ದಾರೆ. ಹಡಗುಗಳು ದಡದಿಂದ ಬಹುದೂರ ನಿಲ್ಲಬೇಕು, ಸರಕನ್ನು ಚಿಕ್ಕ ದೋಣಿಗಳಲ್ಲೇ ತರಬೇಕು, ಒಯ್ಯಬೇಕು ಎಂಬುದು ಎರಡನೆಯದು. ಅಲ್ಲಿಂದ ಮುಂದಿನ ರೇವಿಗೆ ಒಳನಾಡಿನ ಮೆಣಸು ಬರುತ್ತಿದ್ದುದು ಒಂದೇ ಮರವನ್ನು ಕೊರೆದು ಮಾಡಿದ ದೋಣಿಗಳಲ್ಲಿ ಎಂದೂ ಅವನು ಹೇಳುತ್ತಾನೆ.

ಈ ಸಣ್ಣ ಮಾತನ್ನು ನಾವು ಹಗುರವಾಗಿ ದಾಟಿಬಿಡುತ್ತೇವೆ. ನನಗೆ ಅದೇ ಮುಖ್ಯವಾಗಿ ಕಾಣುತ್ತದೆ. ಹಾಯಿ ಹಡಗನ್ನು ತಂದದ್ದು ಆಳವಿರುವ ನೀರಿನ ತನಕ. ಅಲ್ಲಿಂದ ದಡಕ್ಕೆ ಮುಟ್ಟಿಸಿದ್ದು ಹುಟ್ಟು, ಊರಿನ ಅಂಬಿಗನ ಕೈಯಲ್ಲಿದ್ದ ಮರದ ಹುಟ್ಟು. ಹಾಯಿಯವರು ಓದುಬರಹ ಬಲ್ಲವರು. ದಿನಚರಿ ಬರೆದರು, ನಕ್ಷೆ ಬರೆದರು, ಅರಸರಿಗೆ ಕಾಗದ ಬರೆದರು. ಹುಟ್ಟು ಹಾಕಿದವರು ಏನನ್ನೂ ಬರೆಯಲಿಲ್ಲ. ಹಾಗಾಗಿ ಕಡಲ ಚರಿತ್ರೆಯೆಂದು ನಾವು ಓದುವುದೆಲ್ಲ ಹಾಯಿಯ ಚರಿತ್ರೆ. ಹುಟ್ಟಿನ ಚರಿತ್ರೆಯನ್ನು ನಾವು ಬೇರೆ ಕಡೆ ಹುಡುಕಬೇಕಾಗಿದೆ.

ಈ ಹಾಯಿಯವರೂ ಹುಟ್ಟಿನವರೂ ಕೂಡುತ್ತಿದ್ದ ಜಾಗ ಸಾಮಾನ್ಯವಾಗಿ ಒಂದು ದ್ವೀಪ. ಪೆರಿಪ್ಲಸ್ ನಮ್ಮ ಕರಾವಳಿಯನ್ನು ಹೇಳುವಾಗ ಊರುಗಳ ಜೊತೆಗೆ ದ್ವೀಪಗಳ ಸಾಲನ್ನೇ ಕೊಡುತ್ತದೆ. ದೂರದಿಂದ ಬಂದ ಹಡಗಿಗೆ ಕುಡಿಯುವ ನೀರು ಬೇಕು, ಸೌದೆ ಬೇಕು, ಹಡಗಿನ ಅಡಿಯನ್ನು ಕೆರೆದು ಸರಿಪಡಿಸಲು ಮರೆಯಾದ ಜಾಗ ಬೇಕು; ದಡದ ಅರಸನ ಮನಸ್ಸು ತಿಳಿಯುವ ತನಕ ಕೈಗೆಟುಕದ ದೂರವೂ ಬೇಕು. ದ್ವೀಪದಲ್ಲಿ ಇವೆಲ್ಲ ಸಿಗುತ್ತಿದ್ದವು. ದಡದವರಿಗಾದರೋ ಅದು ದಿನದ ಬದುಕಿನ ನೆಲ. ಅವರ ಮಾತಿನಲ್ಲಿ ಅದಕ್ಕೆಷ್ಟು ಹೆಸರುಗಳೆಂಬುದನ್ನು ನೋಡಿದರೆ ಇದು ತಿಳಿಯುತ್ತದೆ. ಹೊಳೆಯ ನಡುವಿನ ನೆಲಕ್ಕೆ ಮಂಗಳೂರು ಉಡುಪಿಯ ಕಡೆ ‘ಕುದ್ರು’ ಎನ್ನುತ್ತಾರೆ. ಹೊನ್ನಾವರದ ಕಡೆ ‘ಕುರ್ವೆ’, ಶರಾವತಿಯ ಮಾವಿನಕುರ್ವೆಯಂತೆ. ತುಂಗಭದ್ರೆಯ ಮೇಲೆ ‘ಗಡ್ಡೆ’, ಹಂಪೆಯೆದುರಿನ ವಿರೂಪಾಪುರ ಗಡ್ಡೆಯಂತೆ. ಕಾಸರಗೋಡಿನ ದಕ್ಷಿಣಕ್ಕೆ ಹೋದರೆ ಮಲೆಯಾಳದಲ್ಲಿ ಅದೇ ‘ತುರುತ್ತಿ’ಯಾಗುತ್ತದೆ. ಹೆಸರು ಹೆಚ್ಚಿರುವಲ್ಲಿ ಬಳಕೆಯೂ ಹೆಚ್ಚೆಂದು ಭಾಷೆಯನ್ನು ಓದಿದವರು ಒಪ್ಪುತ್ತಾರೆ.

ಹೀಗೆ ದ್ವೀಪದಲ್ಲಿ ಇಳಿದ ಪ್ರವಾಸಿಗಳಲ್ಲಿ ಮೊರಾಕ್ಕೊ ದೇಶದ ಇಬ್ನ್ ಬತೂತ ಒಬ್ಬ. ದಿಲ್ಲಿಯ ಸುಲ್ತಾನ ಮಹಮ್ಮದ್ ಬಿನ್ ತುಘಲಕನ ರಾಯಭಾರಿಯಾಗಿ ಚೀನಕ್ಕೆ ಹೊರಟ ಇವನು ೧೩೪೨ರಲ್ಲಿ ಹಡಗು ಹತ್ತಿದ. ಅವನ ಜೊತೆಗಿದ್ದ ಹಡಗುಗಳಲ್ಲಿ ಒಂದಕ್ಕೆ ಅರುವತ್ತು ಹುಟ್ಟುಗಳು. ಕಾಳಗದ ಹೊತ್ತಿನಲ್ಲಿ ಹುಟ್ಟು ಹಾಕುವವರಿಗೆ ಬಾಣ ತಗಲದಂತೆ ಮೇಲೆ ಮಾಡು ಹಾಕುತ್ತಿದ್ದರಂತೆ. ಗೋವೆಯನ್ನು ದಾಟಿ ಹೊನ್ನಾವರ ಮುಟ್ಟುವ ಮುನ್ನಾದಿನ ಅವರು ದಡದ ಹತ್ತಿರದ ಒಂದು ಚಿಕ್ಕ ದ್ವೀಪದಲ್ಲಿ ಇಳಿದರು. ಅಲ್ಲಿ ಗುಡಿಯಿತ್ತು, ತೋಟವಿತ್ತು, ನೀರಿನ ಕೊಳವಿತ್ತು. ಗುಡಿಯ ಗೋಡೆಗೆ ಒರಗಿ ಒಬ್ಬ ಜೋಗಿ ಕುಳಿತಿದ್ದ. ಮಾತನಾಡಿಸಿದರೆ ಮಾತಿಲ್ಲ. ಕೂಗು ಹಾಕಿದ, ಮರದಿಂದ ತೆಂಗಿನಕಾಯಿ ಬಿತ್ತು, ಅದನ್ನು ಬಂದವರಿಗೆ ಕೊಟ್ಟ. ಹಣ ಕೊಟ್ಟರೆ ಮುಟ್ಟಲಿಲ್ಲ. ಬತೂತನ ಕೈಯ ಜಪಮಾಲೆಯನ್ನು ಮೂಸಿ ನೋಡಿ, ಮುತ್ತಿಟ್ಟು, ಆಕಾಶದ ಕಡೆಗೂ ಮೆಕ್ಕೆಯ ದಿಕ್ಕಿಗೂ ಕೈ ತೋರಿದ. ಇವನು ಗುಟ್ಟಾಗಿ ತನ್ನ ಮತದವನೇ ಇರಬೇಕೆಂದು ಬತೂತ ತಿಳಿದ. ಹೊರಡುವಾಗ ಜೋಗಿಯೇ ಅವನ ಬಟ್ಟೆ ಹಿಡಿದೆಳೆದು ಹತ್ತು ಹೊನ್ನು ಕೊಟ್ಟನಂತೆ. ಮರುದಿನ ಕಂಡ ಹೊನ್ನಾವರದಲ್ಲಿ ಹುಡುಗಿಯರಿಗೆ ಹದಿಮೂರು, ಹುಡುಗರಿಗೆ ಇಪ್ಪತ್ತಮೂರು ಪಾಠಶಾಲೆಗಳಿದ್ದುವೆಂದು ಅವನು ಎಣಿಸಿ ಬರೆದಿದ್ದಾನೆ.

ಇದಕ್ಕೆ ನೂರೈವತ್ತಾರು ವರ್ಷಗಳ ತರುವಾಯ ವಾಸ್ಕೋ ಡ ಗಾಮ ಕಲ್ಲಿಕೋಟೆಯಿಂದ ಹಿಂದಿರುಗುತ್ತ ಇದೇ ಕರಾವಳಿಯನ್ನು ಹಿಡಿದು ಬಂದ. ೧೪೯೮ರ ಸೆಪ್ಟೆಂಬರಿನಲ್ಲಿ ದಡದಿಂದ ಸ್ವಲ್ಪ ದೂರದ ನಡುಗಡ್ಡೆಗಳಲ್ಲಿ ಒಂದರ ಮೇಲೆ ತನ್ನ ಅರಸನ ಕಲ್ಲುಕಂಬವನ್ನು ನಿಲ್ಲಿಸಿ ‘ಸಾಂತಾ ಮರಿಯ’ ಎಂದು ಹೆಸರಿಟ್ಟ. ಮಲ್ಪೆಯೆದುರಿನ ಸೇಂಟ್ ಮೇರಿ ದ್ವೀಪಗಳಿಗೆ ಆ ಹೆಸರು ಬಂದುದು ಇದರಿಂದಲೇ ಎಂದು ಪ್ರತೀತಿ. ಮುಂದೆ ಕಾರವಾರದ ಹತ್ತಿರದ ಅಂಜದೀವದಲ್ಲಿ ತಂಗಿ ಹಡಗುಗಳನ್ನು ಸರಿಪಡಿಸಿಕೊಂಡ, ನೀರು ತುಂಬಿಸಿಕೊಂಡ. ಕೆತ್ತಿದ ಕಲ್ಲಿನ ಕೊಳವೊಂದು ಆ ದ್ವೀಪದಲ್ಲಿತ್ತೆಂದೂ ಪಾಳುಬಿದ್ದ ಗುಡಿಯೊಂದರಲ್ಲಿ ಮೂರು ಕಪ್ಪು ಕಲ್ಲುಗಳಿಗೆ ಪೂಜೆಯಾಗುತ್ತಿತ್ತೆಂದೂ ಆ ಪಯಣದ ದಿನಚರಿಯಲ್ಲಿದೆ. ದಿನಚರಿಯನ್ನು ಬರೆದವನು ಆ ಗುಡಿಯನ್ನು ಹಿಂದೆ ಇಗರ್ಜಿಯಾಗಿದ್ದ ಕಟ್ಟಡವೆಂದೇ ನಂಬಿದ್ದ.

ಈ ಎರಡು ಕಥೆಗಳನ್ನು ಒಟ್ಟಿಗಿಟ್ಟು ನೋಡಬೇಕು. ಬತೂತನಿಗೆ ದ್ವೀಪದ ಜೋಗಿ ಮುಸಲ್ಮಾನನಾಗಿ ಕಂಡ. ಪೋರ್ಚುಗೀಸರಿಗೆ ದ್ವೀಪದ ಗುಡಿ ಇಗರ್ಜಿಯಾಗಿ ಕಂಡಿತು. ಸಾವಿರಾರು ಹರದಾರಿ ಬಂದರೂ ಹಾಯಿಯವನು ತನ್ನ ಕಣ್ಣನ್ನು ಬದಲಿಸಿಕೊಳ್ಳುವುದಿಲ್ಲ. ಹಡಗಿಗೂ ದಡಕ್ಕೂ ನಡುವೆ ಓಡಾಡುವ ಅಂಬಿಗನಿಗೆ ಹಾಗಿದ್ದರೆ ನಡೆಯದು. ಅವನಿಗೆ ಎರಡು ಕಡೆಯ ಭಾಷೆ ಬೇಕು, ಬೆಲೆ ತಿಳಿದಿರಬೇಕು, ಬಂದವನ ಮುಖ ನೋಡಿ ಮನಸ್ಸು ಅಳೆಯಬೇಕು. ಅವನು ಬರೆದಿದ್ದರೆ ಇವೇ ಕಥೆಗಳು ಬೇರೆಯಾಗಿರುತ್ತಿದ್ದವು.

ಆದರೂ ಹಾಯಿಯವರ ಬರಹದ ಸಂದಿಯಲ್ಲಿ ಹುಟ್ಟಿನವನ ಜಾಣ್ಮೆ ಇಣುಕದೆ ಇಲ್ಲ. ಗಾಮ ಅಂಜದೀವದಲ್ಲಿದ್ದಾಗ ಕಡಲ ಮೇಲೆ ಒಂದು ತೋಪು ತೇಲಿಕೊಂಡು ಬರುವಂತೆ ಕಂಡಿತಂತೆ. ಹೊನ್ನಾವರದ ತಿಮ್ಮಯ್ಯ—ಪೋರ್ಚುಗೀಸರು ಇವನನ್ನು ತಿಮೋಜ ಎಂದರು—ಎಂಟು ದೋಣಿಗಳನ್ನು ಒಂದಕ್ಕೊಂದು ಬಿಗಿದು, ಮೇಲೆಲ್ಲ ಸೊಪ್ಪುಸದೆ ಹೊದಿಸಿ, ನಡೆಯುವ ದ್ವೀಪವನ್ನೇ ಮಾಡಿ ಕಳಿಸಿದ್ದನೆಂದು ಅವರ ಚರಿತ್ರಕಾರರು ಬರೆದಿದ್ದಾರೆ. ಫಿರಂಗಿ ಹೊಡೆದ ಮೇಲೆ ಆ ತೋಪು ಎಂಟು ದೋಣಿಗಳಾಗಿ ಚದುರಿ ಓಡಿತು! ಇದೇ ತಿಮ್ಮಯ್ಯ ೧೫೧೦ರಲ್ಲಿ ಅಲ್ಬುಕರ್ಕನಿಗೆ ಗೋವೆಯನ್ನು ಹಿಡಿಯಲು ನೆರವಾದ. ಅವನನ್ನು ಕಡಲ್ಗಳ್ಳನೆನ್ನಬೇಕೋ ನಾಯಕನೆನ್ನಬೇಕೋ, ಅದು ಬರೆದವನು ಯಾವ ಹಡಗಿನಲ್ಲಿದ್ದ ಎಂಬುದರ ಮೇಲೆ ಹೋಗುತ್ತದೆ.

ದಡದವರ ಸಹಾಯವಿಲ್ಲದೆ ದ್ವೀಪದಲ್ಲಿ ಬದುಕಲು ಹೊರಟವರ ಗತಿಯನ್ನೂ ಅಂಜದೀವವೇ ಹೇಳುತ್ತದೆ. ೧೫೦೫ರಲ್ಲಿ ಅಲ್ಮೇಡ ಇಲ್ಲಿ ಕೋಟೆ ಕಟ್ಟಿಸಿದ. ಮರುವರ್ಷವೇ ಅದನ್ನು ಬಿಟ್ಟು ಹೋಗಬೇಕಾಯಿತು. ೧೬೬೨ರಲ್ಲಿ ಮುಂಬಯಿಯನ್ನು ವಹಿಸಿಕೊಳ್ಳಲು ಬಂದ ಇಂಗ್ಲಿಷ್ ಸೈನಿಕರಿಗೆ ಪೋರ್ಚುಗೀಸರು ಊರನ್ನು ಬಿಟ್ಟುಕೊಡಲಿಲ್ಲ. ಸರ್ ಅಬ್ರಹಾಂ ಶಿಪ್ಮನ್ ತನ್ನ ದಂಡನ್ನು ಅಂಜದೀವದಲ್ಲಿ ಇಳಿಸಿ ಕಾಯ್ದ. ರೋಗದಿಂದ, ತಕ್ಕ ಆಹಾರವಿಲ್ಲದೆ, ಎರಡು ಮಳೆಗಾಲಗಳಲ್ಲಿ ಮುನ್ನೂರಕ್ಕೂ ಹೆಚ್ಚು ಮಂದಿ ಅಲ್ಲಿಯೇ ಮಣ್ಣಾದರು. ಶಿಪ್ಮನ್ನನೂ ೧೬೬೪ರಲ್ಲಿ ತೀರಿಕೊಂಡ. ಮುಂಬಯಿಗೆ ಹೋಗಿ ಸೇರಿದವರು ಸುಮಾರು ನೂರು ಜನ. ಅದೇ ನೀರು, ಅದೇ ಮರಗಳು. ಬಂದುಹೋಗುವ ದೋಣಿಗಳಿದ್ದಾಗ ಅದು ತಂಗುದಾಣ, ಇಲ್ಲದಾಗ ಮಸಣ. ಈ ದ್ವೀಪ ೧೯೬೧ರ ಡಿಸೆಂಬರಿನಲ್ಲಿ ಗೋವೆಯ ವಿಮೋಚನೆಯೊಂದಿಗೆ ಭಾರತಕ್ಕೆ ಸೇರಿತು; ಅಂದು ಅಲ್ಲಿ ಕಾದಿದ ನಮ್ಮ ನೌಕೆಗಳಲ್ಲಿ ಒಂದರ ಹೆಸರು ‘ಮೈಸೂರು’. ಎದುರಿನ ಕಾರವಾರದಲ್ಲಿ ೨೦೦೫ರಲ್ಲಿ ಆದ ನೌಕಾನೆಲೆಗೆ ‘ಕದಂಬ’ವೆಂದು ಹೆಸರು. ಕದಂಬರ ಮೂಲಪುರುಷ ಮಯೂರಶರ್ಮನ ಬಂಡೆಗಲ್ಲಿನ ಶಾಸನ ಇರುವುದು ನಮ್ಮ ಚಂದ್ರವಳ್ಳಿಯಲ್ಲಿ. ಅದು ಹೇಳುವುದು ಒಂದು ಕೆರೆಯ ಸಂಗತಿ!

ಇನ್ನು ಎರಡನೆಯ ನಂಟು, ಹೆಸರಿನದು. ೧೬೨೩ರಲ್ಲಿ ಇಟಲಿಯ ಪಿಯೆತ್ರೊ ದೆಲ್ಲ ವಲ್ಲೆ ಗೋವೆಯಿಂದ ಹೊನ್ನಾವರಕ್ಕೆ ಬಂದು, ಕೆಳದಿಯ ವೆಂಕಟಪ್ಪ ನಾಯಕನ ಇಕ್ಕೇರಿಗೆ ಹೊರಟ ರಾಯಭಾರಿಗಳ ಜೊತೆ ಸೇರಿದ. ಗೇರುಸೊಪ್ಪೆಯ ತನಕ ಶರಾವತಿಯಲ್ಲಿ ದೋಣಿಯ ಪಯಣ. ತಾನು ಕಂಡ ಹೊಳೆಗಳಲ್ಲಿ ಇಷ್ಟು ಸುಂದರವಾದದ್ದು ಅಪರೂಪವೆಂದು ಅವನು ಮೆಚ್ಚಿ ಬರೆದಿದ್ದಾನೆ. ಇಕ್ಕೇರಿಯವರು ಮಲೆನಾಡಿನ ಅರಸರಾದರೂ ಅವರ ಬೊಕ್ಕಸ ತುಂಬುತ್ತಿದ್ದುದು ಕರಾವಳಿಯ ಮೆಣಸು ಅಕ್ಕಿಗಳಿಂದ. ಹಾಗಾಗಿ ಅವರ ಕೋಟೆಗಳು ಕಡಲ ಕರೆಯನ್ನು ಹಿಡಿದು ದಕ್ಷಿಣಕ್ಕೆ ನಡೆದವು. ಚಂದ್ರಗಿರಿ, ಬೇಕಲ ಕೋಟೆಗಳು ಶಿವಪ್ಪ ನಾಯಕನ ಹೆಸರಿನಲ್ಲಿವೆ. ಬೇಕಲದಿಂದ ಇನ್ನೂ ದಕ್ಷಿಣಕ್ಕೆ, ಇಂದಿನ ಕಾಞಂಗಾಡಿನಲ್ಲಿ, ಸೋಮಶೇಖರ ನಾಯಕ ಕಟ್ಟಿಸಿದನೆನ್ನುವ ಕೋಟೆಯೊಂದುಂಟು. ಅದರ ಹೆಸರು ಹೊಸದುರ್ಗ!

ನಮ್ಮ ಜಿಲ್ಲೆಯ ಹೊಸದುರ್ಗ ಪಾಳೆಯಗಾರರ ಕಾಲದ ಗಿರಿದುರ್ಗ. ಅಲ್ಲಿಯದು ಕಡಲಿನ ಹೊಸದುರ್ಗ. ನಮ್ಮ ನಾಯಕರಿಗೂ ಇಕ್ಕೇರಿಯ ನಾಯಕರಿಗೂ ನೆರೆಹೊರೆಯ ಜಗಳ ಇದ್ದೇ ಇತ್ತು. ಕಡೆಗೆ ಇಬ್ಬರನ್ನೂ ನುಂಗಿದವನು ಒಬ್ಬನೇ: ಹೈದರ್ ಅಲಿ ೧೭೬೩ರಲ್ಲಿ ಬಿದನೂರನ್ನು ಹಿಡಿದ, ೧೭೭೯ರಲ್ಲಿ ಚಿತ್ರದುರ್ಗವನ್ನು ಹಿಡಿದ. ಕಡಲಿನ ಹೊಸದುರ್ಗ ಮುಂದೆ ದಕ್ಷಿಣ ಕನ್ನಡದಲ್ಲಿದ್ದು ೧೯೫೬ರ ನವೆಂಬರ್ ೧ರಂದು ಕಾಸರಗೋಡಿನೊಂದಿಗೆ ಕೇರಳಕ್ಕೆ ಸೇರಿತು. ಅಲ್ಲಿಯ ಜನ ಕೋಟೆಯ ಆಸುಪಾಸನ್ನು ಮಲೆಯಾಳದಲ್ಲಿ ‘ಪುದಿಯಕೋಟ್ಟ’ ಎನ್ನುತ್ತಾರೆ. ಅದೂ ‘ಹೊಸ ಕೋಟೆ’ಯೇ. ಅರಸರು ಹೋದರು, ಗಡಿ ಬದಲಾಯಿತು, ಭಾಷೆ ಬದಲಾಯಿತು. ಅರ್ಥ ಮಾತ್ರ ಬದಲಾಗಲಿಲ್ಲ.

ಈ ಕಡಲಿನ ಹೊಸದುರ್ಗದ ದಕ್ಷಿಣಕ್ಕೆ, ನೀಲೇಶ್ವರದ ಮಗ್ಗುಲಲ್ಲಿ, ತೇಜಸ್ವಿನಿ ಹೊಳೆ ಕಡಲನ್ನು ಸೇರುತ್ತದೆ. ಕೊಡಗಿನ ಬೆಟ್ಟಗಳಲ್ಲಿ ಹುಟ್ಟಿ ಬಂದ ಹೊಳೆ ಅದು. ಅಳಿವೆಯ ಹತ್ತಿರ ಅದು ಕವಲೊಡೆದು ಅಚ್ಚಾಂತುರುತ್ತಿ, ಪೊಡೋತ್ತುರುತ್ತಿ ಮೊದಲಾದ ದ್ವೀಪದೂರುಗಳನ್ನು ಬಳಸಿಕೊಂಡು ಹೋಗುತ್ತದೆ. ತೆಂಗು, ಮೀನು, ಚಿಪ್ಪು, ತೆಂಗಿನ ನಾರಿನ ಹುರಿ ಇವೇ ಇಲ್ಲಿಯ ಬದುಕು. ಮನೆಯೆದುರಿನ ನೀರಿನಲ್ಲಿ ಕಟ್ಟಿದ ದೋಣಿ ನಮ್ಮ ಕಡೆಯ ಮನೆಯೆದುರಿನ ಗಾಡಿಗೆ ಸಮ. ಉತ್ತರ ಮಲಬಾರಿನ ಹೆಸರಾದ ದೋಣಿ ಪಂದ್ಯ ನಡೆಯುವುದು ಈ ನೀರಿನ ಮೇಲೆಯೇ.

ಪಂದ್ಯಕ್ಕೆ ಮೊದಲು ದೋಣ��ಯ ವಿಚಾರ ಎರಡು ಮಾತು. ಒಣನೆಲದ ನಮಗೆ ಗೊತ್ತಿರುವುದು ಹರಿಗೋಲು. ೧೫೨೦ರ ಸುಮಾರಿನಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಆನೆಗೊಂದಿಯ ಬಳಿ ಅದನ್ನು ಕಂಡು ಬೆರಗಾದ: ಬುಟ್ಟಿಯಂತೆ ದುಂಡಗೆ, ಒಳಗೆ ಬೆತ್ತ, ಹೊರಗೆ ತೊಗಲು, ಹದಿನೈದು ಇಪ್ಪತ್ತು ಜನರನ್ನು ಹೊರುತ್ತದೆ, ಆದರೆ ನೆಟ್ಟಗೆ ಹೋಗಲಾರದೆ ಸುತ್ತುತ್ತಲೇ ಇರುತ್ತದೆ ಎಂದು ಬರೆದ. ಕಡಲ ಕರೆಯ ದೋಣಿಯ ಗುಣ ಬೇರೆ. ಅದರ ಮೂಲ ಪ್ಲಿನಿ ಹೇಳಿದ ಒಂದೇ ಮರದ ದೋಣಿ. ಮಾವಿನ ಅಥವಾ ಹೆಬ್ಬಲಸಿನ ದಿಮ್ಮಿಯನ್ನು ಕೊರೆದು, ಎತ್ತರ ಬೇಕಾದರೆ ಮೇಲೆ ಹಲಗೆಯಿಟ್ಟು ತೆಂಗಿನ ನಾರಿನ ಹುರಿಯಿಂದ ಹೊಲಿಯುತ್ತಿದ್ದರು. ಹುರಿಯಿಂದ ಹೊಲಿದ ಹಡಗು ಬಂಡೆಗೆ ತಾಗಿದರೆ ಬಾಗುತ್ತದೆ, ಮೊಳೆ ಹೊಡೆದದ್ದು ಒಡೆಯುತ್ತದೆ ಎಂಬ ಗುಟ್ಟನ್ನು ಬತೂತನೂ ಅರಿತಿದ್ದ. ಕುಂದಾಪುರ, ಹೊನ್ನಾವರಗಳ ಕಡೆಯ ‘ಪಾತಿ’ ದೋಣಿಗೆ ಇನ್ನೊಂದು ಉಪಾಯವುಂಟು: ಎರಡು ಗಳುಗಳನ್ನು ಪಕ್ಕಕ್ಕೆ ಚಾಚಿ ಅವುಗಳ ತುದಿಗೆ ತೇಲುವ ಮರವೊಂದನ್ನು ಕಟ್ಟುತ್ತಾರೆ, ಅಲೆ ಎಷ್ಟು ಕುಣಿದರೂ ದೋಣಿ ಮಗುಚುವುದಿಲ್ಲ. ಇದೇ ಉಪಾಯ ಜಾವಾದಿಂದ ಹಿಡಿದು ಪೆಸಿಫಿಕ್ ಮಹಾಸಾಗರದ ತಾಹಿತಿ, ಹವಾಯಿಗಳ ತನಕ ಹರಡಿದೆ. ಆ ದ್ವೀಪವಾಸಿಗಳ ಪೂರ್ವಿಕರಿಂದಲೇ ಇದು ಹಿಂದೂ ಮಹಾಸಾಗರಕ್ಕೆ ಬಂದಿತೆಂದು ದೋಣಿಗಳನ್ನು ಅಭ್ಯಾಸ ಮಾಡಿದ ಜೇಮ್ಸ್ ಹಾರ್ನೆಲ್ ಮೊದಲಾದವರ ಮತ. ೧೭೭೪ರಲ್ಲಿ ಕ್ಯಾಪ್ಟನ್ ಕುಕ್ ತಾಹಿತಿಯಲ್ಲಿ ನೂರರುವತ್ತು ದೊಡ್ಡ ಜೋಡಿದೋಣಿಗಳ ಪಡೆಯನ್ನು ಕಂಡು ದಂಗಾದನಷ್ಟೆ. ಆ ದೊಡ್ಡ ಮನೆತನಕ್ಕೆ ನಮ್ಮ ಪಾತಿಯೂ ದೂರದ ನಂಟಿನದು.

ಕೆಲವು ವರ್ಷಗಳ ಹಿಂದೆ, ಮಳೆಗಾಲ ಕಳೆದು ಹೊಳೆ ತಿಳಿಯಾಗಿದ್ದಾಗ, ತೇಜಸ್ವಿನಿಯ ದಡದಲ್ಲಿ ನಿಂತು ಈ ಪಂದ್ಯವನ್ನು ನೋಡಿದೆ. ಹದಿನೈದು ಜನ ಹುಟ್ಟು ಹಾಕುವ ದೋಣಿಗಳು ಒಂದು ಬಗೆ, ಇಪ್ಪತ್ತೈದು ಜನರವು ಇನ್ನೊಂದು ಬಗೆ. ಹೆಂಗಸರ ಪಂದ್ಯವೂ ಉಂಟು. ಒಂದೊಂದು ದೋಣಿಯೂ ಒಂದೊಂದು ದ್ವೀಪದ, ಒಂದೊಂದು ಕೇರಿಯ ಮಾನವನ್ನು ಹೊತ್ತಿರುತ್ತದೆ. ನೀರಿನಿಂದ ಒಂದು ಗೇಣು ಮೇಲೆ ಕಾಣುವ ಉದ್ದನೆಯ ದೋಣಿ. ಅದರಲ್ಲಿ ಜೋಡಿಜೋಡಿಯಾಗಿ ಕುಳಿತ ಗಂಡಾಳುಗಳು. ಹಿಂದೆ ನಿಂತು ದಿಕ್ಕು ಹಿಡಿಯುವವನು. ಸನ್ನೆಯಾದೊಡನೆ ಹುಟ್ಟುಗಳೆಲ್ಲ ಒಂದೇ ಸಲ ನೀರಿಗೆ ಬೀಳುತ್ತವೆ, ಒಂದೇ ಸಲ ಏಳುತ್ತವೆ. ಯಾರು ಬಲಶಾಲಿಯೆಂಬುದು ಇಲ್ಲಿ ಮುಖ್ಯವಲ್ಲ. ಒಬ್ಬನ ಹುಟ್ಟು ಅರೆಕ್ಷಣ ತಡವಾದರೆ ಮುಂದಿನವನ ಹುಟ್ಟಿಗೆ ತಾಗುತ್ತದೆ, ದೋಣಿ ನಡುಗುತ್ತದೆ, ಓಟ ಮುರಿಯುತ್ತದೆ. ಒಬ್ಬ ಎಷ್ಟೇ ಜಟ್ಟಿಯಾದರೂ ಲಯ ತಪ್ಪಿದರೆ ಅವನಿಂದ ಕೆಡುಕೇ. ನಾನು ತರಗತಿಯಲ್ಲಿ ಛಂದಸ್ಸನ್ನು ಹೇಳುವಾಗ ಗಣ, ಪ್ರಾಸ ಎಂದು ಹಲಗೆಯ ಮೇಲೆ ಗೀಟು ಎಳೆಯುವವನು. ಲಯವೆಂದರೆ ಬದುಕಿನ ಅಗತ್ಯವೆಂಬುದು ಆ ದಡದಲ್ಲಿ ಕಂಡಷ್ಟು ನಿಚ್ಚಳವಾಗಿ ನನಗೆ ಪುಸ್ತಕದಲ್ಲಿ ಕಂಡಿರಲಿಲ್ಲ.

ಮಲೆಯಾಳದವರು ಈ ಲಯವನ್ನು ಸಾಹಿತ್ಯಕ್ಕೂ ಏರಿಸಿದರು. ಹುಟ್ಟು ಹಾಕುವ ಹಾಡೇ ಅವರಲ್ಲಿ ‘ವಂಚಿಪ್ಪಾಟ್ಟು’ ಎಂಬ ಕಾವ್ಯಪ್ರಕಾರವಾಯಿತು; ಹದಿನೆಂಟನೆಯ ಶತಮಾನದ ರಾಮಪುರತ್ತು ವಾರಿಯರ್ ಕುಚೇಲನ ಕಥೆಯನ್ನು ಆ ಧಾಟಿಯಲ್ಲಿ ಬರೆದು ಹೆಸರಾದ. ನಮ್ಮಲ್ಲಿ ಹನ್ನೆರಡನೆಯ ಶತಮಾನದಲ್ಲೇ ಅಂಬಿಗರ ಚೌಡಯ್ಯನಂಥ ನಿರ್ಭೀತ ವಚನಕಾರನಿದ್ದ. ಅವನು ಕಸಬಿನ ಹೆಸರನ್ನು ಹೆಮ್ಮೆಯಿಂದ ಮುಂದಿಟ್ಟುಕೊಂಡ. ಆದರೆ ದಾಟಿಸಹೊರಟದ್ದು ಭವದ ಹೊಳೆಯನ್ನು. ಕರಾವಳಿಯ ದೋಣಿಯ ಹಾಡುಗಳು ಜನಪದದ ಬಾಯಲ್ಲೇ ಉಳಿದವು. ಎಷ್ಟೋ ಹಾಡುಗಳು ಬಾಯೊಡನೆಯೇ ಹೋದವು.

ದೋಣಿಯ ಪಂದ್ಯಕ್ಕೆ ದೇಶದಲ್ಲಿ ಹೆಸರು ತಂದವನೂ ಒಂದು ಅರ್ಥದಲ್ಲಿ ಪ್ರವಾಸಿಯೇ. ೧೯೫೨ರ ಡಿಸೆಂಬರಿನಲ್ಲಿ ಪ್ರಧಾನಿ ಜವಾಹರಲಾಲ್ ನೆಹರೂ ಕೊಟ್ಟಾಯದಿಂದ ಆಲಪ್ಪುಳಕ್ಕೆ ನೀರಿನ ಹಾದಿಯಲ್ಲಿ ಹೋದಾಗ ಅವರ ಗೌರವಕ್ಕಾಗಿ ಹಾವುದೋಣಿಗಳ ಪಂದ್ಯ ನಡೆಯಿತು. ಉತ್ಸಾಹ ತಡೆಯಲಾರದೆ ಅವರು ಗೆದ್ದ ದೋಣಿಗೆ ತಾವೇ ಹತ್ತಿದರು. ದಿಲ್ಲಿಗೆ ಹೋದ ಮೇಲೆ ಬೆಳ್ಳಿಯ ದೋಣಿಯೊಂದನ್ನು ಬಹುಮಾನವಾಗಿ ಕಳಿಸಿಕೊಟ್ಟರು. ಬತೂತನೂ ಗಾಮನೂ ತಮ್ಮ ಹಡಗಿನ ಮೇಲಿನಿಂದ ದೋಣಿಯನ್ನು ನೋಡಿದರು. ಈ ಪ್ರವಾಸಿ ಹುಟ್ಟಿನವರ ನಡುವೆ ಹೋಗಿ ನಿಂತರು. ಆ ಪಂದ್ಯ ಇಂದಿಗೂ ಅವರ ಹೆಸರಿನಲ್ಲಿ ನಡೆಯುತ್ತಿದೆ.

ಆದರೆ ಹಬ್ಬದ ಹುರುಪಿನಲ್ಲಿ ಒಂದು ಮಾತನ್ನು ಮರೆಯುವಂತಿಲ್ಲ. ತೇಜಸ್ವಿನಿಯ ದಡದಲ್ಲಿ ನನ್ನ ಪಕ್ಕದಲ್ಲೇ ಒಬ್ಬ ಮುದುಕರು ಕುಳಿತಿದ್ದರು. ಹರೆಯದಲ್ಲಿ ಹಂಚಿನ ದೋಣಿ ನಡೆಸಿಕೊಂಡು ಮಂಗಳೂರಿನ ತನಕ ತಿರುಗಿದವರಂತೆ. ತುಳು ಬೆರೆತ ಕನ್ನಡ ಬರುತ್ತಿತ್ತು. ನಾನು ಮೇಷ್ಟ್ರೆಂದು ತಿಳಿದ ಮೇಲೆ ಅಲ್ಲಿಯ ರೂಢಿಯಂತೆ ‘ಮಾಷೇ’ ಎಂದೇ ಕರೆದರು.

“ಈಗಿನ ಹುಡುಗರು ಚೆನ್ನಾಗಿ ಹುಟ್ಟು ಹಾಕುತ್ತಾರಲ್ಲ ಅಜ್ಜ?” ಎಂದೆ.

“ಹಾಕುತ್ತಾರೆ ಮಾಷೇ, ತಿಂಗಳುಗಟ್ಟಲೆ ಕಲಿತು ಹಾಕುತ್ತಾರೆ. ನಮಗೆ ಯಾರೂ ಕಲಿಸಲಿಲ್ಲ. ಉಪ್ಪು ಮುಗಿದರೂ ಹುಟ್ಟು ಹಾಕಬೇಕಿತ್ತು, ಹೆರಿಗೆ ನೋವು ಬಂದರೂ ಹುಟ್ಟು ಹಾಕಬೇಕಿತ್ತು. ಈಗ ಸೇತುವೆ ಬಂತು. ಒಳ್ಳೆಯದೇ ಆಯಿತು, ಬಿಡಿ,” ಎಂದರು.

ಆ ‘ಒಳ್ಳೆಯದೇ ಆಯಿತು’ ಎಂಬುದರಲ್ಲಿ ಕೊಂಕಿರಲಿಲ್ಲ. ನೀರು ಅಡ್ಡವಾಗಿ ಆಸ್ಪತ್ರೆ ಮುಟ್ಟದೆ ಸತ್ತವರನ್ನು ಕಂಡ ಜನ ಸೇತುವೆಯನ್ನು ಹಳಿಯುವುದಿಲ್ಲ, ಹಳಿಯಲೂ ಬಾರದು. ಕಡಲು ಹೊಳೆಗಳು ಆಟದ ಮೈದಾನವಲ್ಲವೆಂಬುದನ್ನು ೨೦೧೯ರ ಜನವರಿಯಲ್ಲಿ ಕಾರವಾರ ನೋಡಿತು: ಕೂರ್ಮಗಡ ದ್ವೀಪದ ನರಸಿಂಹನ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ ಹತ್ತಕ್ಕೂ ಹೆಚ್ಚು ಮಂದಿ ಪ್ರಾಣ ಬಿಟ್ಟರು. ದ್ವೀಪದ ಬದುಕನ್ನು ದೂರದಿಂದ ನೋಡಿ ಹೊಗಳುವುದು ಸುಲಭ. ಆ ಬದುಕು ಬದಲಾಗಬಾರದೆನ್ನಲು ದಡದಲ್ಲಿ ನಿಂತ ನಮಗೆ ಹಕ್ಕಿಲ್ಲ.

ಹಾಗಾದರೆ ಉಳಿಯಬೇಕಾದದ್ದು ಯಾವುದು? ನನಗೆ ತೋರುವ ಉತ್ತರ ಇದು. ಎರಡು ಸಾವಿರ ವರ್ಷಗಳಿಂದ ಈ ಕರಾವಳಿಗೆ ಬಂದ ಪ್ರತಿಯೊಂದು ಹಡಗಿಗೂ ದಾರಿ ತೋರಿದ ಕೌಶಲವೊಂದುಂಟು. ಅದಕ್ಕೆ ಶಾಸನವಿಲ್ಲ, ತಾಳೆಗರಿಯಿಲ್ಲ. ಮೊದಲು ಅದು ದಿನದ ದುಡಿಮೆಯಲ್ಲಿ ಉಳಿದಿತ್ತು. ಯಂತ್ರ ಬಂದು, ಸೇತುವೆ ಬಂದು, ದುಡಿಮೆಯಿಂದ ಅದು ಸರಿದ ಮೇಲೆ ಪಂದ್ಯವೊಂದೇ ಅದರ ಪುಸ್ತಕ. ಇಪ್ಪತ್ತೈದು ಹುಡುಗರು ತಿಂಗಳುಗಟ್ಟಲೆ ಕಲಿತು ಒಂದೇ ಲಯಕ್ಕೆ ಬರುವಾಗ ಆ ಪುಸ್ತಕದ ಒಂದು ಪುಟವನ್ನು ಅವರು ನಕಲು ಮಾಡಿಟ್ಟುಕೊಳ್ಳುತ್ತಾರೆ. ಪಂದ್ಯವನ್ನು ಬರಿಯ ಜಾತ್ರೆಯ ಮೋಜೆಂದು ಎಣಿಸುವವರು ಇದನ್ನು ನೆನೆಯಬೇಕು.

ಪಂದ್ಯವೊಂದರಿಂದಲೇ ಎಲ್ಲವೂ ಉಳಿಯದು. ದೋಣಿಯ ಓಟ ಉಳಿದೀತು. ದೋಣಿಯ ಮಾತು ಉಳಿಯಬೇಕಾದರೆ ಯಾರಾದರೂ ಬರೆದುಕೊಳ್ಳಬೇಕು. ಗಾಳಿಯ ದಿಕ್ಕುಗಳಿಗೆ, ಭರತ ಇಳಿತಗಳ ಹೊತ್ತುಗಳಿಗೆ, ದೋಣಿಯ ಒಂದೊಂದು ಅಂಗಕ್ಕೆ ಮೊಗವೀರರಲ್ಲಿ, ಖಾರ್ವಿಗಳಲ್ಲಿ, ಅಂಬಿಗರಲ್ಲಿ ಹೆಸರುಗಳಿವೆ. ಮಾವು ಹೆಬ್ಬಲಸುಗಳ ದೋಣಿಯ ಜಾಗಕ್ಕೆ ಫೈಬರ್ ದೋಣಿ ಬಂದ ಮೇಲೆ ಆ ಹೆಸರುಗಳಲ್ಲಿ ಅರ್ಧಕ್ಕೆ ಕೆಲಸವಿಲ್ಲ. ಕನ್ನಡ ಎಂ.ಎ. ಓದುವ ನಮ್ಮ ಹುಡುಗರು ಹಳೆಯ ಕಾವ್ಯಗಳ ಜಲಕ್ರೀಡೆಯ ವರ್ಣನೆಗಳನ್ನು ಪರೀಕ್ಷೆಗೆ ಉರುಹೊಡೆಯುತ್ತಾರೆ. ಅವರಲ್ಲಿ ಹತ್ತು ಮಂದಿ ಒಂದು ಬೇಸಗೆ ಕುದ್ರುಗಳಲ್ಲಿ ಕಳೆದು ಈ ಮಾತುಗಳನ್ನು ಬರೆದು ತಂದರೆ ಅದಕ್ಕಿಂತ ದೊಡ್ಡ ನಿಘಂಟಿನ ಕೆಲಸ ಬೇರೊಂದಿಲ್ಲ.

ಇದು ಕರಾವಳಿಯವರ ಕೆಲಸ, ನಮಗೇಕೆ ಎಂದು ಒಣಸೀಮೆಯವರು ಕೈಚೆಲ್ಲುವಂತಿಲ್ಲ. ಚಂದ್ರವಳ್ಳಿಯ ಮಣ್ಣಿನಲ್ಲಿ ಸಿಕ್ಕಿದ ಬೆಳ್ಳಿಯ ಮೇಲೆ ಚಕ್ರವರ್ತಿಯ ಮುಖ ಇನ್ನೂ ಕಾಣುತ್ತದೆ. ಅವನ ಹೆಸರನ್ನು ನಮ್ಮ ಮಕ್ಕಳು ಪುಸ್ತಕದಲ್ಲಿ ಓದುತ್ತಾರೆ. ಆ ಬೆಳ್ಳಿ ಹಡಗಿನಿಂದ ದಡಕ್ಕೆ ಬಂದುದು, ಪ್ಲಿನಿ ಹೇಳಿದ ಮರಗೊರೆದ ದೋಣಿಗಳಂಥ ಒಂದರಲ್ಲಿ. ಅದಕ್ಕೆ ಹುಟ್ಟು ಹಾಕಿದವನ ಹೆಸರು ನಮಗೆ ಸಿಗಲಾರದು. ಅವನು ಹುಟ್ಟು ಹಿಡಿಯುತ್ತಿದ್ದ ರೀತಿಯಾದರೂ ಇನ್ನೂ ಕೆಲವರ ತೋಳಿನಲ್ಲಿ ಉಳಿದಿದೆ. ಅಷ್ಟನ್ನಾದರೂ ನಾವು ಬರೆದಿಟ್ಟುಕೊಳ್ಳಬೇಡವೆ?